ಓದಬಾರದಿದ್ದ ನಾಲ್ಕು ಅಕ್ಷರ

ಕೆಲವು ವರ್ಷಗಳ ಹಿಂದೆ ನಾನು ಮೆನ್ಲೋ ಪಾರ್ಕ್‌ನ ಒಂದು ಪುನರ್ವಸತಿ ಕೇಂದ್ರದಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಈ ತೊಂದರೆಗೆ ಅಫೇಸಿಯಾ ಎನ್ನುತ್ತಾರೆ. ಹೇಳಬೇಕಾದದ್ದು ತಲೆಯಲ್ಲಿರುತ್ತದೆ, ನಾಲಿಗೆಗೆ ಬರುವುದಿಲ್ಲ.

ಡೇವಿಡ್ ಎಂಬ ಯಹೂದಿ ವೃದ್ಧರು ನನ್ನ ಬಳಿ ಬಂದದ್ದು ಆಗ. ಜೀವನವಿಡೀ ಮಕ್ಕಳಿಗೆ ಹೀಬ್ರೂ ಕಲಿಸಿದ ಮೇಷ್ಟ್ರು ‘ನೀರು’ ಎನ್ನುವುದಕ್ಕೂ ಒದ್ದಾಡುತ್ತಿದ್ದರು. ಎಳವೆಯಲ್ಲೇ ಬಾಯಿಪಾಠವಾದದ್ದು ಇಂಥವರಲ್ಲಿ ಕೆಲವೊಮ್ಮೆ ಉಳಿದಿರುತ್ತದೆ. ಅದಕ್ಕೇ ಅವರ ಪ್ರಾರ್ಥನೆಯ ಪುಸ್ತಕ ತರಲು ಮಗಳು ಮಿರಿಯಂಗೆ ಹೇಳಿದೆ.

ಪುಸ್ತಕ ಬಂದ ದಿನ ನಾನು, ಡೇವಿಡ್ ಇಬ್ಬರೇ ಇದ್ದೆವು. “ಬರೆದ ಹಾಗೇ ಓದಿ, ಒಂದೊಂದೇ ಅಕ್ಷರ” ಎಂದೆ. ತಡವರಿಸುತ್ತ ಓದಿದವರು ಒಂದು ಪದದ ಬಳಿ ನಿಂತುಬಿಟ್ಟರು. ಬೇರೇನನ್ನೋ ನೆನಪಿಸಿಕೊಳ್ಳಲು ಹೆಣಗುತ್ತಿದ್ದಂತಿತ್ತು. ನನಗೆ ಹೀಬ್ರೂ ಬಾರದು. “ಬಿಡಬೇಡಿ ಸರ್, ಅಕ್ಷರ ನೋಡಿ” ಎಂದು ಒತ್ತಾಯಿಸಿದೆ. ಓದಿಬಿಟ್ಟರು. ಶಬ್ದ ಹೊರಟಿತಲ್ಲ ಎಂದು ನಾನು ಚಪ್ಪಾಳೆ ತಟ್ಟಿದೆ. ಅವರು ಸ್ವಾಧೀನವಿದ್ದ ಕೈಯಿಂದ ಬಾಯಿ ಮುಚ್ಚಿಕೊಂಡರು.

ಮರುದಿನದಿಂದ ತುಟಿ ಬಿಚ್ಚಲಿಲ್ಲ. ಮತ್ತೆ ಸ್ಟ್ರೋಕ್ ಆಯಿತೇನೋ ಎಂದು ಸ್ಕ್ಯಾನ್ ಮಾಡಿಸಿದರೆ ಏನೂ ಇರಲಿಲ್ಲ. ಪ್ರಗತಿ ಕಾಣದಿದ್ದರೆ ವಿಮೆಯವರು ಥೆರಪಿಯನ್ನೇ ನಿಲ್ಲಿಸುತ್ತಾರೆ. ಗಾಬರಿಯಾದ ಮಿರಿಯಂ, “ಕೊನೇ ಸಲ ಏನು ಓದಿಸಿದ್ರಿ?” ಎಂದು ಕೇಳಿದರು. ಪುಟ ತೋರಿಸಿದೆ.

“ಇದು ದೇವರ ಹೆಸರು. ನಾಲ್ಕೇ ಅಕ್ಷರ. ಬರೀತೀವಿ, ಆದ್ರೆ ಉಚ್ಚರಿಸಲ್ಲ. ಪ್ರಾರ್ಥನೆಯಲ್ಲಿ ಇದರ ಬದಲು ‘ಅದೊನಾಯ್’ ಅಂತೀವಿ, ನನ್ನೊಡೆಯ ಅಂತ. ಪಾಠದಲ್ಲಿ, ಮಾತಲ್ಲಿ ‘ಹಶೆಮ್’, ಅಂದ್ರೆ ‘ಆ ಹೆಸರು’, ಅಷ್ಟೇ. ಅಪ್ಪ ಒಂದು ಸಲಾನೂ ಇದನ್ನ ಉಚ್ಚರಿಸಿದವರಲ್ಲ.”

ಅಂದು ಡೇವಿಡ್ ಹುಡುಕುತ್ತಿದ್ದದ್ದು ಆ ಬದಲಿ ಪದವನ್ನು. ಸಿಗುವವರೆಗೆ ನಾನು ಕಾಯಲಿಲ್ಲ. ಸಂಜೆ ಯೂನಿಯನ್ ಸಿಟಿಯ ನನ್ನ ಮನೆಗೆ ಮರಳುವಾಗ ಸೇತುವೆಯ ಟ್ರಾಫಿಕ್ಕಿನಲ್ಲಿ ‘ನನಗೇನು ಗೊತ್ತಿತ್ತು?’ ಎಂದು ಸಮಾಧಾನ ಹೇಳಿಕೊಂಡೆ. ಗೊತ್ತಿರಲಿಲ್ಲ ನಿಜ. ಆದರೆ ಅವರು ತಡೆದು ನಿಂತದ್ದನ್ನು ಕಣ್ಣಾರೆ ಕಂಡಿದ್ದೆ.

ಮರುದಿನ ಅವರೆದುರು ಕೂತು ಕ್ಷಮೆ ಕೇಳಿದೆ. “ತಪ್ಪು ನನ್ನದು ಸರ್, ನಿಮ್ಮದಲ್ಲ.” ಇಲ್ಲವೆಂದು ತಲೆಯಾಡಿಸಿದರು. ಅವರ ಧರ್ಮಗುರು, ರಬ್ಬಿ, ಬಂದು ಕಾಯಿಲೆಯಲ್ಲಿ ಆದದ್ದು ಪಾಪವಲ್ಲ ಎಂದರು. ಅದಕ್ಕೂ ಡೇವಿಡ್ ಇಲ್ಲವೆಂದೇ ತಲೆಯಾಡಿಸಿದರು.

ಕೊನೆಗೆ ಮಿರಿಯಂರನ್ನು ಕೇಳಿದೆ: “ಕ್ಲಾಸಲ್ಲಿ ಯಾವುದಾದ್ರೂ ಮಗು ಹೀಗೆ ಓದಿಬಿಟ್ರೆ ನಿಮ್ಮಪ್ಪ ಏನು ಮಾಡ್ತಿದ್ರು?”

ಆಕೆ ತಂದೆಯತ್ತ ತಿರುಗಿದರು. “ನೀನೇ ಹೇಳಪ್ಪ. ಚಿಕ್ಕವಳಿದ್ದಾಗ ನಾನೇ ಹಾಗೆ ಓದಿದ್ದೆ, ನಿನ್ನ ಕ್ಲಾಸಲ್ಲಿ, ಎಲ್ಲರ ಮುಂದೆ. ಬೈದ್ಯಾ ನನ್ನ?”

ಡೇವಿಡ್ ಮಗಳನ್ನೇ ನೋಡುತ್ತ ಕೂತರು. ಕಣ್ಣು ತುಂಬಿ ಬಂತು. ತಡವರಿಸುತ್ತ “ಮತ್ತೆ...” ಎಂದರು, “ಮೊದಲಿಂದ.” ಅಂದು ಮಗಳಿಗೆ ಹೇಳಿದ್ದೂ ಅಷ್ಟೇ ಅಂತೆ.

ಪುಸ್ತಕ ತೆರೆದುಕೊಟ್ಟೆವು. ಆ ಪದ ಬಂದಾಗ ನಿಂತರು. ನಾನು ತುಟಿ ಕಚ್ಚಿ ಸುಮ್ಮನಿದ್ದೆ. “ಹಶೆಮ್” ಎಂದು ಉಸಿರು ಬಿಟ್ಟು ಮುಂದಿನ ಸಾಲಿಗೆ ಹೋದರು.

ಥೆರಪಿ ಮುಗಿದಾಗ ಅವರು ಮಾತಾಡುತ್ತಲೇ ಮನೆಗೆ ಹೋದರು. ಆದರೂ ಅವರ ಬಾಯಿಂದ ನಾನು ಹೇಳಿಸಿದ್ದು ಹೇಳಿಸಿದ್ದೇ. ತಡೆದು ನಿಲ್ಲುವುದೆಲ್ಲ ಕಾಯಿಲೆಯಲ್ಲ, ಕೆಲವು ಸಲ ಅಲ್ಲಿ ಮನುಷ್ಯನ ಭಕ್ತಿ ಉಸಿರಾಡುತ್ತಿರುತ್ತದೆ. ಈಗ ರೋಗಿ ನಿಂತರೆ ನಾನೂ ನಿಲ್ಲುತ್ತೇನೆ.