ಚಂದಾಪುರದ ಬಜಾರಿನಲ್ಲಿ ಅವಳು ಹೇಳಿದ ಹೆಸರು

ಎರಡು ತಿಂಗಳ ಹಿಂದೆ ಚಂದಾಪುರದ ಬಜಾರಿನಲ್ಲಿ ನನ್ನ ತಂಗಿಯ ಮಗಳು ಕಳೆದುಹೋಗಿದ್ದಳು. ಮುಕ್ಕಾಲು ಗಂಟೆ.

ಸಿಕ್ಕಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡಿ. ಗಾಬರಿಯಾಗಬೇಕಾದ್ದು ಬೇರೆ ಇದೆ.

ಅವತ್ತು ಚಿಂಚೋಳಿಯಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಕುಬಸದ, ಅಂದರೆ ಸೀಮಂತದ, ಕಾರ್ಯ. ನಾನು ಸೇಡಂನಿಂದ ಹೋಗಿದ್ದೆ. ತಂಗಿ ರೇಣುಕಾ ಮಗಳು ಶ್ರೇಯಾಳನ್ನು ಕರೆದುಕೊಂಡು ವಾಡಿಯಿಂದ ಬಂದಿದ್ದಳು. ಮಗುವಿಗೆ ಮೂರು ವರ್ಷ ಎಂಟು ತಿಂಗಳು. ಹಸಿರು ಬಳೆ ಕಡಿಮೆ ಬಿದ್ದವು ಅಂತ ಮೂವರೂ ಪಕ್ಕದ ಚಂದಾಪುರಕ್ಕೆ ಹೋದೆವು. ಬಳೆ ಆರಿಸುವ ಗಡಿಬಿಡಿಯಲ್ಲಿ, ಮಗುವಿನ ಕೈ ನಾನು ಹಿಡಿದಿದ್ದೇನೆ ಅಂತ ಅವಳು ಅಂದುಕೊಂಡಳು, ಅವಳು ಹಿಡಿದಿದ್ದಾಳೆ ಅಂತ ನಾನು. (ಇಬ್ಬರೂ ಹಿಡಿದಿದ್ದು ಬಳೆಯನ್ನೇ.)

ಓಡಾಡಿದೆವು. ಕೂಗಿದೆವು. ಕಂಡಕಂಡವರನ್ನು ಕೇಳಿದೆವು. ಕೊನೆಗೆ ಎರಡು ಓಣಿ ಆಚೆ, ಪ್ಲಾಸ್ಟಿಕ್ ಕೊಡ ಮಾರುವ ಅಂಗಡಿಯ ಮುಂದೆ ನನಗೆ ಅವಳ ಬೆನ್ನು ಕಂಡಿತು. ಸ್ಟೂಲಿನ ಮೇಲೆ ಕೂತಿದ್ದಳು, ಕೈಯಲ್ಲಿ ಬಿಸ್ಕೀಟು. "ಶ್ರೇಯಾ!" ಅಂದೆ. ಹತ್ತು ಹೆಜ್ಜೆ ದೂರ ಅಷ್ಟೇ. ತಿರುಗಲಿಲ್ಲ. ಮತ್ತೆ ಕೂಗಿದೆ. ಓಣಿಯ ಜನರೆಲ್ಲ ನನ್ನ ಕಡೆ ತಿರುಗಿದರು, ಅವಳು ತಿರುಗಲಿಲ್ಲ. ಭುಜ ಮುಟ್ಟಿದಾಗ ಬೆಚ್ಚಿಬಿದ್ದಳು.

ಅಂಗಡಿಯ ಮುದುಕರು ನಿಟ್ಟುಸಿರು ಬಿಟ್ಟರು. "ನಿಮ್ಮ ಕೂಸೇನ್ರಿ ಇದು? ಹೆಸರು ಕೇಳಿ ಕೇಳಿ ಸಾಕಾತ್ರಿ. ಪಾಪ, ಹೇಳ್ತದ, ನಮಗ ತಿಳಿಯಂಗಿಲ್ಲ. ಕನ್ನಡದಾಗ ಕೇಳ್ದೆ, ತೆಲುಗಿನ್ಯಾಗ ಕೇಳ್ದೆ. ಬಾಜೂ ಅಂಗಡಿ ಚಾಚಾ ಉರ್ದುದಾಗ ಕೇಳಿದ್ರು. ತಾಂಡಾದ ಹೆಣ್ಮಗಳು ಒಬ್ಬಾಕಿ ತನ್ನ ಮಾತಿನ್ಯಾಗೂ ಕೇಳಿ ನೋಡಿದ್ಳು. ಯಾವ ಭಾಷಾರಿ ಈಕೀದು?"

ಅಷ್ಟರಲ್ಲಿ ಓಡಿಬಂದ ರೇಣುಕಾ ಮಗುವನ್ನು ಎದೆಗೊತ್ತಿಕೊಂಡು ಹೇಳಿದಳು: "ಕನ್ನಡಾರಿ."

ಮಗು ಹೇಳಿದ ಹೆಸರು ಏನು ಗೊತ್ತಾ? "ಏಯಾ." ಶ್ರೇಯಾ ಅನ್ನುವುದು ಅವಳ ಬಾಯಲ್ಲಿ ಏಯಾ. ಹಾಲು ಆಉ, ಚಪಾತಿ ಆಆಇ. ನನ್ನನ್ನು ಕರೆಯುವುದು "ಒಅವ್ವ", ಅಂದರೆ ದೊಡ್ಡವ್ವ. ರೇಣುಕಾಳಿಗೆ ಎಲ್ಲ ತಿಳಿಯುತ್ತಿತ್ತು. ಉಳಿದವರಿಗೆ ಅವಳೇ ಬಿಡಿಸಿ ಹೇಳುತ್ತಿದ್ದಳು. ನಮಗೆಲ್ಲ ಅದು ಎಷ್ಟು ಮುದ್ದಾಗಿತ್ತು ಅಂದರೆ, ಏಯಾ ಅನ್ನುವುದನ್ನೇ ಮನೆಯ ಹೆಸರು ಮಾಡಿಬಿಟ್ಟಿದ್ದೆವು. "ಏಯಾ ಬಾ, ಏಯಾ ಉಣ್ಣು." ಮಗುವಿನ ಕಷ್ಟಕ್ಕೆ ನಾಮಕರಣ ಮಾಡಿ ನಗುವವರು ಬೇರೆ ಯಾರಾದರೂ ಇದ್ದಾರೆಯೇ?

ಯಾರೂ ಎಚ್ಚರಿಸಲಿಲ್ಲವೇ ಅಂತ ನೀವು ಕೇಳಬಹುದು. ಎಚ್ಚರಿಸಿದ್ದರು. ಮಗುವಿಗೆ ಎರಡು ತುಂಬಿದಾಗಲೇ ಓಣಿಯ ಅಂಗನವಾಡಿ ಟೀಚರ್ ರೇಣುಕಾಳಿಗೆ ಹೇಳಿದ್ದರು: "ಅಕ್ಕಾರ, ಮಾತು ಸಾಫ್ ಇಲ್ಲ. ಒಂದ್ಸಲ ಕಲಬುರಗಿಗಿ ಹೋಗಿ ಕಿವಿ ತೋರಿಸ್ಕೊಂಡು ಬರ್ರಿ."

ರೇಣುಕಾ ನನಗೆ ಫೋನ್ ಮಾಡಿದಳು. ನಾನು ಕಾಲೇಜಿನಲ್ಲಿ ಪಾಠ ಹೇಳುವವಳು, ಪೇಪರಿಗೆ ಬರೆಯುವವಳು, ಮನೆಯಲ್ಲಿ ತಿಳಿದವಳು. ನಾನು ನಕ್ಕೆ. "ಹುಚ್ಚಿ, ನಾ ಮಾತಾಡಿದ್ದೇ ಮೂರು ವರ್ಷಕ್ಕ ಅಂತ ಅವ್ವ ಹೇಳ್ತಿದ್ಲು. ಈಗ ಬಾಯಿ ಮುಚ್ಚಸಾಕ ಆಗ್ತದೇನು? ಅವರಿಗಿ ಫಾರ್ಮ್ ತುಂಬೋ ಕೆಲಸ ಇರ್ತದ, ಹೇಳ್ತಾರ."

"ಹಂಗಾದ್ರ ಕಿವಿ?"

"ರೈಲು ಬಂದ್ರ ಬಾಗಿಲಿಗಿ ಓಡ್ತಾಳಲ್ಲ? ಕೇಳಿಸ್ಲಾರದೇ ಓಡ್ತಾಳೇನು?"

ಅವರ ಮನೆ ವಾಡಿಯಲ್ಲಿ ರೈಲು ಹಳಿಯ ಪಕ್ಕದಲ್ಲೇ. ಗಾಡಿ ಬಂದರೆ ಪಾತ್ರೆ ಅಲುಗುತ್ತವೆ. ಮಗು ಓಡುತ್ತಿತ್ತು, ನಿಜ. ನನ್ನ ತರ್ಕ ಅಲ್ಲಿಗೆ ಮುಗಿಯಿತು.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆ ವಾರ ಪೇಪರಿನ ಇದೇ ಅಂಕಣದಲ್ಲಿ ಅದರ ಬಗ್ಗೆಯೇ ಬರೆದೆ. ಈಗಿನ ತಾಯಂದಿರು ಮೊಬೈಲ್ ನೋಡಿ ನೋಡಿ ಹೆದರುತ್ತಾರೆ, ಮಕ್ಕಳು ತಮ್ಮ ಟೈಮಿಗೆ ಮಾತಾಡುತ್ತಾರೆ, ತೊದಲಿದ್ದಕ್ಕೆಲ್ಲ ಡಾಕ್ಟರ್ ಯಾಕೆ ಅಂತ. ಹಳೆಯ ಓದುಗರಿಗೆ ನೆನಪಿರಬಹುದು. ಬಹಳ ಜನ ಮೆಚ್ಚಿದಿರಿ. ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಅದು ನನಗೇ ನಾಲ್ಕು ಸಲ ಬಂತು. ನಾನು ಖುಷಿಪಟ್ಟೆ.

ಚಂದಾಪುರದಿಂದ ಬಂದ ಮರುವಾರ ಮೂವರೂ ಕಲಬುರಗಿಗೆ ಹೋದೆವು. ಒಂದು ಮುಚ್ಚಿದ ಕೋಣೆ, ನಡುವೆ ಗಾಜು. ಶ್ರೇಯಾಳ ತಲೆಗೆ ದೊಡ್ಡ ಹೆಡ್‌ಫೋನ್. ಕಿವಿಯಲ್ಲಿ ಸಪ್ಪಳ ಬಂದಾಗ ಒಂದು ಬ್ಲಾಕ್ ಬುಟ್ಟಿಗೆ ಹಾಕಬೇಕು, ಅದೇ ಆಟ. ಪರೀಕ್ಷೆ ಮಾಡುವ ಮೇಡಂ ಮೊದಲು ದಪ್ಪ ಸಪ್ಪಳ ಕೊಟ್ಟರು. ಹಾಕಿದಳು. ಇನ್ನೊಂದು. ಹಾಕಿದಳು, ನಮ್ಮ ಕಡೆ ನೋಡಿ ನಕ್ಕಳು. ಆಮೇಲೆ ಸೀಟಿಯಂಥ ಸಣ್ಣ ಸಪ್ಪಳ ಶುರುವಾದವು. ಬ್ಲಾಕ್ ಹಿಡಿದ ಕೈ ಗಾಳಿಯಲ್ಲೇ ನಿಂತಿತು. ಮೇಡಂ ಸದ್ದು ಏರಿಸಿದರು. ಇನ್ನೂ ಏರಿಸಿದರು. ಕೈ ಹಾಗೇ ಇತ್ತು. ಮಗು ಅಷ್ಟು ಶ್ರದ್ಧೆಯಿಂದ ಕಾಯುತ್ತಿತ್ತು, ನನಗೆ ನೋಡಲಾಗಲಿಲ್ಲ.

ಮೇಡಂ ಗ್ರಾಫ್ ತೋರಿಸಿ ಹೇಳಿದರು. "ದಪ್ಪ ಸಪ್ಪಳ ಒಂದಿಷ್ಟು ಕೇಳಿಸ್ತಾವ್ರಿ. ರೈಲು, ಲಾರಿ, ಗುಡುಗು. ಸಣ್ಣ ಸಪ್ಪಳ ಕಿವಿಗಿ ಹತ್ತಂಗೇ ಇಲ್ಲ. ಸ, ಶ, ತ, ಕ ಎಲ್ಲಾ ಅಲ್ಲೇ ಇರ್ತಾವ. ಆಕಿಗಿ ಎಷ್ಟು ಕೇಳಸ್ತದೋ ಅಷ್ಟೇ ಅಂತಾಳ."

ಅಂದರೆ ನಾವು ಶ್ರೇಯಾ ಅಂದಾಗಲೆಲ್ಲ ಅವಳಿಗೆ ಕೇಳಿದ್ದು ಏಯಾ. ಅವಳು ತಪ್ಪು ಹೇಳಿರಲೇ ಇಲ್ಲ.

"ಎಂದು ತೋರಿಸ್ಬೇಕಿತ್ರಿ?" ರೇಣುಕಾ ಕೇಳಿದಳು.

ಮೇಡಂ ಬೆರಳು ಮಡಚಿ ಲೆಕ್ಕ ಹೇಳಿದರು. "ಎರಡು ವರ್ಷಕ್ಕ ಕೂಸು ಎರಡು ಮಾತು ಕೂಡಿಸಿ ಅನ್ನಬೇಕ್ರಿ. 'ಅವ್ವಾ ಬಾ', 'ಹಾಲು ಬೇಕು' ಅಂತ. ಮೂರಕ್ಕ ಹೊರಗಿನವರಿಗೂ ಮುಕ್ಕಾಲು ಮಾತು ತಿಳೀಬೇಕು. ಇಲ್ಲಂದ್ರ ಕಾಯಬಾರದು, ಮೊದಲು ಕಿವಿ ನೋಡಿಸ್ಬೇಕು. ಮಾತು ಕಲಿಯೋ ಮಿದುಳು ಮೊದಲಿನ ವರ್ಷದಾಗ ಭಾಳ ಚುರುಕು ಇರ್ತದ. ಆಗೇ ಕಿವಿಗಿ ಕೇಳಿಸೋ ಮಶೀನ್ ಹಾಕಿದ್ರ..." ಗ್ರಾಫ್ ಮಡಚಿ ಫೈಲಿನಲ್ಲಿಟ್ಟರು. "ಈಗೂ ಕಲೀತಾಳ್ರಿ. ಆದ್ರ ಕಷ್ಟ ಭಾಳ ಅದ. ಎಷ್ಟು ಅಂತ ನಾ ಹೇಳಂಗಿಲ್ಲ."

ಹೊರಗೆ ಬೆಂಚಿನ ಮೇಲೆ ಕೂತೆವು. ಅವಳು ಬೈಯಲಿ ಅಂತ ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ರೇಣುಕಾ ನೆಲ ನೋಡುತ್ತಾ ಅಂದಳು: "ನೀ ಫೋನಿನ್ಯಾಗ ಹೇಳಿದಾಗ ನನಗ ಇನ್ನೂ ಅಂಜಿಕಿ ಇತ್ತು ಅಕ್ಕಾ. ಪೇಪರ್‌ದಾಗ ಬಂದಿದ್ದು ಓದಿ ಆರಾಮ್ ಆದೆ."

 ನಾನು ಎದ್ದು ಶ್ರೇಯಾಳ ಕೈ ಹಿಡಿದೆ.

ಈಗ ಎರಡೂ ಕಿವಿಗೆ ಮಶೀನ್ ಬಂದಿದೆ. ಹಾಕಿದ ದಿನ ಮಗು ಕಿರುಚಿ ಅತ್ತಿತು, ಕಿತ್ತು ಎಸೆಯಿತು. ಈಗಲೂ ಎಸೆಯುತ್ತದೆ. ವಾರಕ್ಕೆ ಎರಡು ಸಲ ರೇಣುಕಾ ಅವಳನ್ನೆತ್ತಿಕೊಂಡು ಕಲಬುರಗಿಗೆ ಹೋಗಿ ಬರುತ್ತಾಳೆ. ಕನ್ನಡಿ ಮುಂದೆ ಕೂತು "ಸ" ಅನ್ನಿಸಲು ಒದ್ದಾಡುತ್ತಾಳೆ. ಒಂದು ತಿಂಗಳಾಯಿತು. ಇನ್ನೂ ಒಂದೂ "ಸ" ಬಂದಿಲ್ಲ. ಪವಾಡ ಏನಾದರೂ ಆಗಬಹುದಾ ಅಂತ ಮೇಡಂ ಅವರನ್ನು ಕೇಳಿದೆ. ಪವಾಡ ಇಲ್ಲ, ರೂಢಿ ಮಾಡಿಸಬೇಕು ಅಷ್ಟೇ ಅಂದರು. ರೇಣುಕಾ ಮೊದಲೆಲ್ಲ ಏನಿದ್ದರೂ ನನ್ನನ್ನು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ಅದು ಸರಿಯಾಗಿಯೇ ಇದೆ.

ಹೋದ ಭಾನುವಾರ ಓದುಗರ ಹಳೆಯ ಪತ್ರಗಳ ಕಟ್ಟು ಬಿಚ್ಚಿದೆ. ನನ್ನ ಆ ಬರಹಕ್ಕೆ ಬಂದ ಹೊಗಳಿಕೆಯನ್ನು ಹರಿದು ಹಾಕೋಣ ಅಂತ. ಅದರಲ್ಲಿ ಒಂದು ಕಾರ್ಡು ಸಿಕ್ಕಿತು. ಪೆನ್ಸಿಲಿನಲ್ಲಿ ಬರೆದದ್ದು. "ಮೇಡಂ, ನನ್ನ ಕೂಸಿಗೂ ಎರಡು ವರ್ಷ, ಮಾತು ತಿಳಿಯಂಗಿಲ್ಲ. ನಾಳೆ ದವಾಖಾನಿಗೆ ಹೊಂಟಿದ್ದಿವಿ. ನಿಮ್ಮದು ಓದಿ ಹೋಗೋದು ಬಿಟ್ಟಿವಿ. ದೇವರು ನಿಮಗ ಚೊಲೊ ಮಾಡಲಿ." ಕೆಳಗೆ ಹೆಸರಿಲ್ಲ. "ಆಡಕಿಯಿಂದ ಒಬ್ಬ ತಾಯಿ" ಅಂತಷ್ಟೇ.

ಮರುದಿನವೇ ಆಡಕಿಗೆ ಹೋದೆ. ಅಂಗನವಾಡಿಯಲ್ಲಿ ಕೇಳಿದೆ, ಶಾಲೆಯಲ್ಲಿ ಕೇಳಿದೆ, ಹಿಟ್ಟಿನ ಗಿರಣಿಯ ಮುಂದೆ ನಿಂತ ಹೆಂಗಸರನ್ನು ಕೇಳಿದೆ. ಅಂಥ ಮಗು ಯಾರಿಗೂ ಗೊತ್ತಿಲ್ಲ. ಆ ಮನೆಯವರು ಊರು ಬಿಟ್ಟಿರಬಹುದು. ಅಥವಾ ಆ ಮನೆಯಲ್ಲೂ ಎಲ್ಲರೂ ಮುದ್ದು ಅಂತ ನಗುತ್ತಿರಬಹುದು.

ಹಾಗಾಗಿ ಈ ವಾರ ಇಲ್ಲಿಂದಲೇ ಕೇಳುತ್ತಿದ್ದೇನೆ. ಆಡಕಿಯ ತಾಯೀ, ನಿಮ್ಮ ಮಗು ಈಗ ಮಾತಾಡ್ತದೇನ್ರಿ?