ರಿಜಿಸ್ಟರಿನಲ್ಲಿ ಹತ್ತೊಂಬತ್ತು

ನನ್ನ ಅಣ್ಣ ಚಿನ್ನದ ಗಣಿಯ ಕೆಲಸಕ್ಕೆ ಸೇರಿದಾಗ ಅವನಿಗೆ ಹದಿನಾಲ್ಕು ತುಂಬಿ ಕೆಲವು ತಿಂಗಳಾಗಿತ್ತು, ಅಷ್ಟೆ. ಹದಿನೆಂಟಾಗದವರನ್ನು ಕೆಳಗೆ ಇಳಿಸುತ್ತಿರಲಿಲ್ಲ. ಅಣ್ಣ ಎತ್ತರದ ಆಳು, ಮೀಸೆಯೂ ಸ್ವಲ್ಪ ಚಿಗುರಿತ್ತು. ಅದೇ ಗಣಿಯಲ್ಲಿದ್ದ ಅಪ್ಪ ಅವನಿಗೆ ತನ್ನದೇ ಒಂದು ಷರಟು ಹಾಕಿಸಿ ಕರೆದುಕೊಂಡು ಹೋಗಿ ರಿಜಿಸ್ಟರಿನಲ್ಲಿ ಹದಿನೆಂಟು ಎಂದು ಬರೆಸಿದ. ಆಗ ನಮ್ಮ ಲೈನಿನಲ್ಲಿ ಇದೇನೂ ದೊಡ್ಡ ವಿಷಯವಾಗಿರಲಿಲ್ಲ. ಸಂಜೆ ಅಮ್ಮ ಪಾಯಸ ಮಾಡಿದಳು. ಅಣ್ಣ ಎರಡು ಸಲ ಹಾಕಿಸಿಕೊಂಡ.

ನಾವಿದ್ದದ್ದು ಉರಿಗಾಂನಲ್ಲಿ, ಗಣಿಯವರು ಕೆಲಸಗಾರರಿಗೆ ಕಟ್ಟಿಸಿದ್ದ ಸಾಲುಮನೆಗಳಲ್ಲಿ, ಅದನ್ನೇ ಲೈನು ಅನ್ನುತ್ತಿದ್ದದ್ದು. ಒಂದು ಕೋಣೆ, ಮುಂದೆ ತಡಿಕೆ ಕಟ್ಟಿದ ಜಗಲಿ. ಅಪ್ಪ, ಅಮ್ಮ, ಅಣ್ಣ, ನಾನು, ನನ್ನ ಕೆಳಗಿನ ಇಬ್ಬರು ತಂಗಿಯರು. ಇಡೀ ಸಾಲಿಗೆ ಇದ್ದದ್ದು ಒಂದೇ ನಲ್ಲಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನೀರು. ಜಗಳ ಆಗದ ದಿನವೇ ಇರಲಿಲ್ಲ. ತಮಿಳಿನಲ್ಲಿ ಶುರುವಾದದ್ದು ತೆಲುಗಿನಲ್ಲಿ ಬೆಳೆದು ಕನ್ನಡದಲ್ಲಿ ಮುಗಿಯುತ್ತಿತ್ತು. ಮಾರನೆಯ ದಿನ ಅದೇ ಹೆಂಗಸರು ಒಟ್ಟಿಗೆ ಕೂತು ಅಕ್ಕಿ ಆರಿಸುತ್ತಿದ್ದರು.

ಅಣ್ಣ ಕೆಲಸಕ್ಕೆ ಸೇರಿ ಒಂದು ವರ್ಷವಾಗಿದ್ದಾಗ ಒಂದು ಸಂಜೆ ನಾಲ್ಕನೆಯ ಮನೆಯವನು ಅಮ್ಮನ ಬಿಂದಿಗೆಯನ್ನು ಒದ್ದ. ಅವನೂ ಗಣಿಯವನೇ, ಕುಡಿದಿದ್ದ. ಅಮ್ಮ ಏನೋ ಅಂದಳು. ಅವನು ಅಮ್ಮನ ಜುಟ್ಟಿಗೆ ಕೈ ಹಾಕಿ ಎಳೆದ. ಅಣ್ಣ ಆಗಷ್ಟೇ ಪಾಳಿ ಮುಗಿಸಿ ಬಂದಿದ್ದ. ನಲ್ಲಿಯ ಹತ್ತಿರ ಹೋದ, ನೋಡಿದ, ತಿರುಗಿ ಮನೆಗೆ ಬಂದ. ಒಲೆಯ ಪಕ್ಕದಲ್ಲಿದ್ದ ಕಬ್ಬಿಣದ ಸಲಾಕೆ ತೆಗೆದುಕೊಂಡ. ನಾನು ಬಾಗಿಲಲ್ಲೇ ಇದ್ದೆ. ನನ್ನನ್ನು ಪಕ್ಕಕ್ಕೆ ಸರಿಸಿ ಹೋದ. ಒಂದೇ ಏಟು, ಕಿವಿಯ ಮೇಲ್ಭಾಗಕ್ಕೆ. ಆ ಮನುಷ್ಯ ಆಸ್ಪತ್ರೆಯಲ್ಲಿ ಮೂರನೆಯ ದಿನ ತೀರಿಕೊಂಡ. ಅವನಿಗೆ ಹೆಂಡತಿ ಇದ್ದಳು, ಏಳು ವರ್ಷದ ಮಗಳಿದ್ದಳು. ನಾನು ಆ ಹುಡುಗಿಗೆ ಕುಂಟೆಬಿಲ್ಲೆ ಹೇಳಿಕೊಟ್ಟಿದ್ದೆ.

ನಲ್ಲಿಯಿಂದ ನಮ್ಮ ಬಾಗಿಲಿಗೆ ಇಪ್ಪತ್ತು ಹೆಜ್ಜೆ. ಕೋಲಾರದ ಕೋರ್ಟಿನಲ್ಲಿ ಮುಖ್ಯವಾದದ್ದು ಆ ಇಪ್ಪತ್ತು ಹೆಜ್ಜೆಯೇ. ಅಲ್ಲೇ ಸಿಟ್ಟಿನಲ್ಲಿ ಹೊಡೆದಿದ್ದರೆ ಬೇರೆ ಮಾತು, ಮನೆಗೆ ಹೋಗಿ ಆಯುಧ ತಂದಿದ್ದಾನೆ, ಯೋಚನೆ ಮಾಡಿಯೇ ಹೊಡೆದಿದ್ದಾನೆ ಎಂದು ಸರ್ಕಾರಿ ವಕೀಲರು ಹೇಳಿದರು. ನಮ್ಮ ಕಡೆಯ ವಕೀಲರು ವರಾಂಡದಲ್ಲಿ ಅಪ್ಪನನ್ನು ಕೇಳಿದರು, "ಹುಡುಗನಿಗೆ ನಿಜವಾಗಿ ಎಷ್ಟು ವಯಸ್ಸು? ಹದಿನಾರಾಗಿಲ್ಲ ಅಂದರೆ ಜೈಲಿಗೆ ಕಳಿಸೋದಿಲ್ಲ, ತಪ್ಪು ಮಾಡಿದ ಹುಡುಗರ ಶಾಲೆಗೆ ಹಾಕ್ತಾರೆ."

ಅಪ್ಪ ಟವಲು ಹಿಂಡುತ್ತ ನಿಂತಿದ್ದ. "ರಿಜಿಸ್ಟರಲ್ಲಿ ಏನೈತೋ ಅದೇ ಸ್ವಾಮಿ" ಅಂದ.

ಹದಿನೆಂಟು ಎಂದು ಬರೆಸಿ ವರ್ಷವಾಗಿತ್ತು, ಈಗ ರಿಜಿಸ್ಟರಿನಲ್ಲಿ ಹತ್ತೊಂಬತ್ತು. ಒಳಗೆ ನ್ಯಾಯಾಧೀಶರು ಕೇಳಿದಾಗ ಅಣ್ಣ ಮೊದಲು ಅಪ್ಪನ ಮುಖ ನೋಡಿದ. ಆಮೇಲೆ "ಅತ್ತೊಂಬತ್ತು" ಅಂದ. ಜೀವಾವಧಿ ಶಿಕ್ಷೆಯಾಯಿತು.

ಆಗ ನನಗೆ ಹನ್ನೆರಡು ವರ್ಷ. ಜೀವಾವಧಿ ಎಂದರೆ ಎಷ್ಟು ಎಂದು ಅಮ್ಮನನ್ನು ಕೇಳಿದೆ. ಮನೆಗೆ ಬಂದ ಮೇಲೆ ಅಮ್ಮ ಅಪ್ಪನನ್ನು ಕೇಳಿದಳು, "ಅದಿನೈದು ಅಂತ ಯಾಕೆ ಏಳಲಿಲ್ಲ?"

"ಏಳಿದ್ರೆ ಸುಳ್ಳು ಬರೆಸಿದೋನು ಅಂತ ನನ್ನ ಕೆಲಸದಿಂದ ತೆಗೀತಾರೆ. ಕೆಲಸ ಓದ್ರೆ ಈ ಮನೆ ಓಯ್ತು. ಮೂರು ಎಣ್ಣುಮಕ್ಕಳನ್ನ ಎಲ್ಲಿ ಮಲಗಿಸ್ತೀಯ?"

ಅಪ್ಪನ ಮಾತು ಸುಳ್ಳಾಗಿರಲಿಲ್ಲ. ಸತ್ತವನ ಹೆಂಡತಿ ಅಷ್ಟರಲ್ಲಿ ನಾಲ್ಕನೆಯ ಮನೆ ಖಾಲಿ ಮಾಡಿ, ಪಾತ್ರೆಗಳನ್ನು ಗಾಡಿಗೆ ಹೇರಿಕೊಂಡು ಮಗಳ ಜೊತೆ ಆಂಡರ್ಸನ್‌ಪೇಟೆಗೆ ಹೋಗಿದ್ದಳು. ದುಡಿಯುವ ಗಂಡಸಿಲ್ಲದ ಮನೆಗೆ ಲೈನಿನಲ್ಲಿ ಜಾಗವಿಲ್ಲ ಎಂಬುದನ್ನು ನಾವೆಲ್ಲ ಜಗಲಿಯಲ್ಲಿ ನಿಂತು ನೋಡಿದ್ದೆವು. ಆವತ್ತಿನಿಂದ ಆ ಒಂದೇ ಕೋಣೆಯಲ್ಲಿ ಅಪ್ಪ ಗೋಡೆಯ ಕಡೆ ಮುಖ ಮಾಡಿ ಊಟ ಮಾಡುವುದು ಶುರುವಾಯಿತು. ಅಮ್ಮ ತಟ್ಟೆ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ. ಏನಾದರೂ ಹೇಳಬೇಕಾದರೆ ನನ್ನ ಮೂಲಕ ಹೇಳಿಸುತ್ತಿದ್ದಳು, ಅಪ್ಪ ಎರಡು ಮಾರು ದೂರದಲ್ಲಿ ಕೂತಿದ್ದರೂ.

ಮೂರು ತಿಂಗಳಿಗೊಮ್ಮೆ ಅಮ್ಮನೂ ನಾನೂ ಬೆಂಗಳೂರಿನ ಜೈಲಿಗೆ ಹೋಗುತ್ತಿದ್ದೆವು. ಉರಿಗಾಂನಲ್ಲಿ ರೈಲು ಹತ್ತಿ, ಬಂಗಾರಪೇಟೆಯಲ್ಲಿ ಇಳಿದು, ಬೆಂಗಳೂರಿನ ರೈಲಿಗೆ ಕಾಯುವುದು. ಜೈಲಿನ ತಂತಿ ಬಲೆಯ ಆಚೆ ಅಣ್ಣ ನಿಲ್ಲುತ್ತಿದ್ದ. ಮೊದಲ ವರ್ಷ ಅವನು ಇನ್ನೂ ಬೆಳೆಯುತ್ತಿದ್ದ. ಪ್ರತಿ ಸಲವೂ ಜೈಲಿನ ಚಡ್ಡಿ ಗಿಡ್ಡವಾಗಿ ಕಾಣುತ್ತಿತ್ತು. ಅಮ್ಮ ಅದನ್ನು ನೋಡಿಯೇ ಅಳುತ್ತಿದ್ದಳು. ಕೊಲೆ ಮಾಡಿದವನ ದನಿ ಒಡೆಯುತ್ತಿದ್ದದ್ದು ಅಲ್ಲಿ ಯಾರಿಗೂ ಕೇಳಿಸಲಿಲ್ಲವೋ ಏನೋ. ಅವನನ್ನು ಮಗ್ಗದ ಕೆಲಸಕ್ಕೆ ಹಾಕಿದ್ದರು. ಕೈದಿಗಳಿಗೆ ಪಾಠ ಹೇಳಲು ಒಬ್ಬ ಮೇಷ್ಟ್ರು ಬರುತ್ತಿದ್ದರು, ಅವರ ಹತ್ತಿರ ಅಣ್ಣ ಓದುವುದನ್ನು ಮತ್ತೆ ಕಲಿತ.

ನಾಲ್ಕನೆಯ ವರ್ಷ ಅವನೇ ಹೇಳಿದ. "ಮೇಷ್ಟ್ರು ಕೇಳಿದ್ರು, ನಿಂಗೆ ಎಷ್ಟು ವಯಸ್ಸು ನಿಜ ಏಳು ಅಂತ. ಏಳ್ಬಿಟ್ಟೆ. ರಾಜ್ಯಪಾಲರಿಗೆ ಅರ್ಜಿ ಬರೀಬೌದಂತೆ. ಉಡುಗ ಆಗಿದ್ದಾಗ ಮಾಡಿದ್ದು ಅಂತ ಗೊತ್ತಾದ್ರೆ ಶಿಕ್ಷೆ ಕಮ್ಮಿ ಮಾಡೋ ಅಧಿಕಾರ ಅವರಿಗೈತಂತೆ."

"ಬರೀತೀನಿ ಕಣಣ್ಣ" ಅಂದೆ.

"ಅಪ್ಪನಿಗೆ ತೊಂದರೆ ಆಗೋದಾದ್ರೆ ಬ್ಯಾಡ" ಅಂದ. ಅಮ್ಮ ಬಲೆಗೆ ಹಣೆ ಒತ್ತಿ ನಿಂತಿದ್ದವಳು ತಲೆ ಎತ್ತಿದಳು. "ನಿಮ್ಮಪ್ಪನಿಗೆ ಆಗಬೇಕಾದ ತೊಂದರೆನ ನೀನು ನಾಕು ವರ್ಷದಿಂದ ತಿಂತಾ ಇದ್ದೀಯ" ಅಂದಳು.

ಆಗ ನನಗೆ ಹದಿನಾರು ದಾಟಿತ್ತು. ಮನೆಯಲ್ಲಿ ಓದು ಬರಹ ಬರುತ್ತಿದ್ದವಳು ನಾನೊಬ್ಬಳೇ. ಅಣ್ಣ ಚಿಕ್ಕವನಿದ್ದಾಗ ಬಂಗಾರಪೇಟೆಯ ಆಚೆ ಅಜ್ಜಿಯ ಹಳ್ಳಿಯಲ್ಲಿ ಮೂರನೆಯ ಕ್ಲಾಸಿನ ತನಕ ಓದಿದ್ದ. ಅಲ್ಲಿ ದಾಖಲಾತಿ ಪುಸ್ತಕ ಇರಬೇಕೆಂದು ಅಮ್ಮನನ್ನು ಕರೆದುಕೊಂಡು ಹೋದೆ. ಹೆಡ್‌ಮೇಷ್ಟ್ರು ವಯಸ್ಸಾದವರು, ಅಣ್ಣನನ್ನು ಸೇರಿಸಿಕೊಂಡವರೂ ಅವರೇ. ತಗಡಿನ ಪೆಟ್ಟಿಗೆಯಿಂದ ಪುಸ್ತಕ ತೆಗೆದರು. ಅಂಚನ್ನೆಲ್ಲ ಗೆದ್ದಲು ತಿಂದಿತ್ತು. ಬೆರಳಿಟ್ಟು ಹುಡುಕಿ ಅಣ್ಣನ ಸಾಲು ತೋರಿಸಿದರು.

"ವರ್ಷ ಸರಿಯಾಗೇ ಐತಮ್ಮ. ತಿಂಗಳು ತಾರೀಕು ನಾನೇ ಅಂದಾಜಿನ ಮೇಲೆ ಬರೆದದ್ದು, ಆಗೆಲ್ಲ ಅಂಗೇ" ಅಂದರು. ಆ ವರ್ಷದ ಪ್ರಕಾರ ಜಗಳದ ಹೊತ್ತಿಗೆ ಅಣ್ಣನಿಗೆ ಹದಿನೈದೇ. ಅವರು ನಕಲು ಬರೆದು, ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ಕೊಡುವಾಗ ಇನ್ನೊಂದು ಮಾತು ಹೇಳಿದರು. "ಇದೊಂದೇ ಸಾಲದು. ಗಣಿಯಲ್ಲಿ ಬೇರೆ ಬರೆದೈತಲ್ಲ, ಅದು ಯಾಕೆ ಅಂತ ಕೇಳ್ತಾರೆ. ನಿಮ್ಮಪ್ಪ ಪ್ರಮಾಣ ಮಾಡಿ ಬರೆದುಕೊಡಬೇಕು."

ಅಪ್ಪ ಬರೆದುಕೊಡಲಿಲ್ಲ. ನಾನು ಕಾಗದ ಸಿದ್ಧ ಮಾಡಿ ಅವನ ಮುಂದೆ ಇಟ್ಟೆ. ಓದಿ ಹೇಳು ಅಂದ, ಹೇಳಿದೆ. ಎಡಗೈಯಿಂದ ಅದನ್ನು ನನ್ನ ಕಡೆಗೆ ದೂಡಿದ. "ಆಕ್ತೀನಿ ಅಮ್ಮಣ್ಣಿ. ನಿಮ್ಮ ಮೂವರ ಮದುವೆ ಆಗಲಿ, ಆಮೇಲೆ ಆಕ್ತೀನಿ" ಅಂದ. ನಾನು ಮಲಗುವ ಚಾಪೆ, ನನ್ನ ತಲೆಯ ಮೇಲಿನ ತಗಡು, ಎಲ್ಲವೂ ಅಣ್ಣ ಅಲ್ಲಿ ಇರುವುದರಿಂದಲೇ ಇಲ್ಲಿ ಇದೆ ಅನ್ನಿಸಿತು. ಆದರೂ ಆ ಚಾಪೆ ಬಿಟ್ಟು ಎಲ್ಲಿ ಹೋಗುವುದು? ಬೆಳಿಗ್ಗೆ ಎದ್ದು ಅದೇ ನಲ್ಲಿಗೆ ಬಿಂದಿಗೆ ಹಿಡಿದು ಹೋಗುತ್ತಿದ್ದೆ. ಚಿನ್ನ ತೆಗೆದು ಸುರಿದ ಕಲ್ಲುಪುಡಿಯ ಬಿಳಿ ಸೈನೈಡು ದಿಬ್ಬದಿಂದ ಗಾಳಿಗೆ ಪುಡಿ ಹಾರಿ ಬಂದು ಬಿಂದಿಗೆಯ ಬಾಯಲ್ಲಿ ಕೂರುತ್ತಿತ್ತು. ರಾಬರ್ಟ್‌ಸನ್‌ಪೇಟೆಯ ಶಾಲೆಯಲ್ಲಿ ಗೆಳತಿಯರು ಮುಂದೇನು ಓದುವುದೆಂದು ಮಾತಾಡುವಾಗ ನಾನು ಅರ್ಜಿಯ ಸಾಲುಗಳನ್ನು ಮನಸ್ಸಿನಲ್ಲೇ ಬರೆಯುತ್ತಿದ್ದೆ.

ಅಪ್ಪನ ಸಹಿಯಿಲ್ಲದೆ ಶಾಲೆಯ ನಕಲನ್ನಷ್ಟೇ ಸೇರಿಸಿ ಅರ್ಜಿ ಕಳಿಸಿದೆವು. ಹತ್ತು ತಿಂಗಳಾದ ಮೇಲೆ ಉತ್ತರ ಬಂತು. ಪರಿಶೀಲಿಸಲಾಗಿದೆ, ಮಧ್ಯೆ ಪ್ರವೇಶಿಸಲು ಕಾರಣ ಕಾಣುವುದಿಲ್ಲ, ಎಂದು ಎರಡೇ ಸಾಲು. ಅಮ್ಮನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು. ಓದಿದೆ. ಮೂರನೆಯ ಸಲ ಕೇಳಲಿಲ್ಲ.

ಆಮೇಲೆ ಒಂದು ವರ್ಷಕ್ಕೆ ಅಪ್ಪನ ಎದೆ ಕೆಟ್ಟಿತು. ಕಲ್ಲಿನ ಧೂಳು ಕುಡಿದು ಕುಡಿದು, ನಲ್ಲಿಯ ತನಕ ನಡೆದರೂ ಕೂತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಡಾಕ್ಟರು ಕೆಳಗೆ ಇಳಿಯಬಾರದು ಎಂದು ಬರೆದರು. ಕೆಲಸ ಹೋಯಿತು, ಮನೆಯೂ ಬಿಡಬೇಕಾಯಿತು. ಬಂಗಾರಪೇಟೆಯಲ್ಲಿ ರೈಲ್ವೆ ಗೇಟಿನ ಹಿಂದೆ ಒಂದು ಬಾಡಿಗೆ ಮನೆ ಹಿಡಿದೆವು. ಅಲ್ಲಿಗೆ ಹೋದ ಮೂರನೆಯ ದಿನ ಅಪ್ಪನೇ ನನ್ನನ್ನು ಕರೆದ.

"ಆ ಕಾಗದ ತತ್ತಾ" ಅಂದ.

ಸಹಿ ಹಾಕಿದ. ಈಗ ಸಹಿ ಹಾಕುವುದು ಸುಲಭವಾಗಿತ್ತು, ಅದು ಅವನಿಗೂ ಗೊತ್ತಿತ್ತು. ಅಮ್ಮ ಒಲೆಯ ಮುಂದೆ ಕೂತಿದ್ದವಳು ತಿರುಗಿಯೂ ನೋಡಲಿಲ್ಲ.

ಎರಡನೆಯ ಅರ್ಜಿ ಹೋಗಿ ಎರಡು ವರ್ಷವಾಗುತ್ತ ಬಂದಾಗ ಪೊಲೀಸಿನವರು ವಿಚಾರಣೆಗೆ ಬಂದರು. ಸತ್ತವನ ಮನೆಯವರನ್ನೂ ಕೇಳುತ್ತೇವೆ, ಅವರು ಬೇಡ ಅಂದರೆ ಕಷ್ಟ ಎಂದು ಹೇಳಿ ಹೋದರು. ಅಮ್ಮ ನನಗೆ ಕಟ್ಟುನಿಟ್ಟಾಗಿ ಹೇಳಿದಳು, ಸತ್ತವನ ಹೆಂಡತಿಯ ಮನೆಗೆ ಕಾಲಿಡಬೇಡ, ಆಕೆಯ ಮುಖ ನೋಡುವ ಯೋಗ್ಯತೆ ನಮಗಿಲ್ಲ ಎಂದು. ನಾನು ಅಮ್ಮನಿಗೆ ಹೇಳದೆ ಆಂಡರ್ಸನ್‌ಪೇಟೆಗೆ ಹೋದೆ.

ಆಕೆ ಮನೆಯ ಮುಂದೆ ಕೂತು ಹೂವು ಕಟ್ಟುತ್ತಿದ್ದಳು. ಎಂಟು ವರ್ಷದ ಮೇಲೂ ಗುರುತು ಹಿಡಿದಳು.

"ನೀನಾ" ಅಂದಳು. ಕೂರು ಅನ್ನಲಿಲ್ಲ.

"ಅತ್ತೇ" ಅಂದೆ, ಲೈನಿನಲ್ಲಿ ಹಾಗೇ ಕರೆಯುತ್ತಿದ್ದೆ. ಶಾಲೆಯ ಕಾಗದವನ್ನು ಚಾಚಿದೆ.

"ಓದಕ್ಕೆ ಬರಲ್ಲ ನಂಗೆ. ಏನೈತೆ ಅದ್ರಲ್ಲಿ?"

"ಅಣ್ಣನಿಗೆ ಅವತ್ತು ಹದಿನೈದು ಅಂತ."

ಆಕೆಯ ಕೈ ನಿಂತಿತು. ಒಳಗೆ ಅವಳ ಮಗಳು ಈಳಿಗೆಮಣೆಯ ಮುಂದೆ ಕೂತು ತರಕಾರಿ ಹೆಚ್ಚುತ್ತಿದ್ದಳು. ಆಕೆ ಆ ಕಡೆ ನೋಡಿದಳು.

"ಅವಳಿಗೆ ಈಗ ಅದಿನೈದು" ಅಂದಳು. "ಇವತ್ತಿಗೂ ಒಬ್ಬಳೇ ಮಲಗಕ್ಕೆ ಎದರ್ತಾಳೆ." ಆಮೇಲೆ ನನ್ನ ಕಡೆ ತಿರುಗಿದಳು. "ನನ್ನ ಗಂಡ ಒಳ್ಳೆಯವನೇನಲ್ಲ. ಕುಡೀತಿದ್ದ, ನನ್ನೂ ಒಡೀತಿದ್ದ. ಅಂಗಂತ ಸಾಯೋ ಅಂಥ ತಪ್ಪು ಮಾಡಿರಲಿಲ್ಲ."

"ಇಲ್ಲ ಅತ್ತೇ" ಅಂದೆ.

"ಪೊಲೀಸ್ನೋರು ಬಂದ್ರೆ ಬಿಡಲಿ ಅಂತೀನಿ. ಆದ್ರೆ ಅವನು ಆಂಡರ್ಸನ್‌ಪೇಟೆಗೆ ಬರಬಾರದು. ನನ್ನ ಕಣ್ಣಿಗೆ ಬೀಳಬಾರದು. ಇಷ್ಟು ಏಳು ಓಗು."

ಹೊರಡುವಾಗ ಒಂದು ಮೊಳ ಹೂವು ಕಿತ್ತು ಕೊಡಲು ಕೈ ಎತ್ತಿದಳು, ಏನೆನ್ನಿಸಿತೋ, ಮತ್ತೆ ಬುಟ್ಟಿಗೆ ಹಾಕಿದಳು. ನಾನು ಸ್ಟೇಷನ್ನಿನ ತನಕ ತಲೆ ತಗ್ಗಿಸಿಕೊಂಡೇ ನಡೆದೆ.

ಉಳಿದ ಶಿಕ್ಷೆಯನ್ನು ಮನ್ನಾ ಮಾಡಿದ ಆದೇಶ ಬಂದಾಗ ಅಣ್ಣ ಒಳಗೆ ಹೋಗಿ ಒಂಬತ್ತನೆಯ ವರ್ಷ ನಡೆಯುತ್ತಿತ್ತು. ಅವನಿಗೆ ಇಪ್ಪತ್ತನಾಲ್ಕು. ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ನಿಂತಿತು, ಎಲ್ಲರೂ ಇಳಿದರು, ಅವನು ಬಾಗಿಲಲ್ಲೇ ನಿಂತಿದ್ದ. "ಇಳಿಯೋ" ಎಂದು ಅಮ್ಮ ಕೂಗಿದ ಮೇಲೆ ಇಳಿದ. ಮನೆಯಲ್ಲೂ ಹಾಗೆಯೇ. ಹೇಳಿದರೆ ಏಳುತ್ತಿದ್ದ, ಹೇಳಿದರೆ ಉಣ್ಣುತ್ತಿದ್ದ. ಬಾಗಿಲು ತೆರೆದೇ ಇದ್ದರೂ ಹೊಸ್ತಿಲಿನ ಹತ್ತಿರ ನಿಂತು ಯಾರಾದರೂ ಹೋಗು ಅನ್ನಲಿ ಎಂದು ಕಾಯುತ್ತಿದ್ದ.

ಅಪ್ಪ ಅಷ್ಟರಲ್ಲಿ ಹಾಸಿಗೆ ಹಿಡಿದಿದ್ದ. ಅಣ್ಣ ಬಂದ ಒಂದು ವಾರ ಇಬ್ಬರೂ ಒಂದು ಮಾತಾಡಲಿಲ್ಲ. ಒಂದು ಮಧ್ಯಾಹ್ನ ಅಣ್ಣ ಅವನನ್ನು ಎತ್ತಿ ಗೋಡೆಗೆ ಒರಗಿಸಿ ಗಂಜಿ ಕುಡಿಸುತ್ತಿದ್ದಾಗ ಅಪ್ಪ ಅವನ ಮಣಿಕಟ್ಟು ಹಿಡಿದುಕೊಂಡ.

"ನನ್ನಿಂದ ನಿನ್ನ ಬಾಳು ಆಳಾಯ್ತು ಕಣ್ಲಾ" ಅಂದ.

ಅಣ್ಣ ಲೋಟ ಕೆಳಗಿಟ್ಟ. "ಒಡೆದೋನು ನಾನು ಕಣಪ್ಪ" ಅಂದ. "ನೀನು ಬರೆಸಿದ್ದು ಬರೇ ವಯಸ್ಸು."

ಅದು ಕ್ಷಮಿಸಿದ ಮಾತೋ ಅಲ್ಲವೋ ನನಗೆ ಇವತ್ತಿಗೂ ತಿಳಿಯದು. ಅಪ್ಪ ಆ ವರ್ಷ ದಾಟಲಿಲ್ಲ. ಅಣ್ಣನೇ ಎಲ್ಲ ಮಾಡಿದ.

ಬಂಗಾರಪೇಟೆಯಲ್ಲೇ ಒಬ್ಬರ ಕೈಮಗ್ಗದ ಷೆಡ್ಡಿನಲ್ಲಿ ಅವನಿಗೆ ಕೆಲಸ ಸಿಕ್ಕಿತು. ಅವನು ಎಲ್ಲಿಂದ ಬಂದವನೆಂದು ಯಜಮಾನರಿಗೆ ಮೊದಲ ದಿನವೇ ತಾನೇ ಹೇಳಿದ. ಸತ್ತವನ ಹೆಂಡತಿ ಅವನು ಬರಬಾರದು ಅಂದಿದ್ದು ಆಂಡರ್ಸನ್‌ಪೇಟೆಗೆ ಮಾತ್ರ. ಅವನು ಅದರ ಪಕ್ಕದ ಉರಿಗಾಂಗೂ ಹೋಗಲಿಲ್ಲ, ರಾಬರ್ಟ್‌ಸನ್‌ಪೇಟೆಗೂ ಹೋಗಲಿಲ್ಲ. ಗಣಿಯ ಕಡೆಗೆ ಹೋಗುವ ರೈಲಿನಲ್ಲಿ ಮತ್ತೆ ಪ್ರಯಾಣ ಮಾಡಲೇ ಇಲ್ಲ. ಬಿಡುಗಡೆಯ ಕಾಗದದಲ್ಲಿ ಇಲ್ಲದ ಷರತ್ತು ಅದು. ಅದನ್ನು ಮೀರಬಹುದು ಎಂದು ಹೇಳುವ ಧೈರ್ಯ ನಮಗೂ ಬರಲಿಲ್ಲ.

ಮರುವರ್ಷ ನನ್ನ ಮದುವೆ ಗೊತ್ತಾಯಿತು. ಗಂಡಿನ ಮನೆ ರಾಬರ್ಟ್‌ಸನ್‌ಪೇಟೆ, ಮದುವೆಯೂ ಅಲ್ಲೇ. ಬೆಳಿಗ್ಗೆ ಅಣ್ಣ ಪೆಟ್ಟಿಗೆ, ಪಾತ್ರೆ, ಬಾಳೆಯ ಗೊನೆ ಎಲ್ಲ ಹೊತ್ತು ತಂದು ರೈಲಿನಲ್ಲಿ ಜೋಡಿಸಿದ. ಅಮ್ಮನಿಗೆ ಕಿಟಕಿಯ ಪಕ್ಕದ ಜಾಗ ಹಿಡಿದುಕೊಟ್ಟ. "ಒಂದಿನಕ್ಕಾದ್ರೂ ಬಾರಣ್ಣ, ಮಂಟಪ ಆಂಡರ್ಸನ್‌ಪೇಟೆ ಕಡೆ ಇಲ್ಲ" ಎಂದು ನಾನು ಅವನ ತೋಳು ಹಿಡಿದೆ. ಅವನು ನನ್ನ ತಲೆಯ ಮೇಲೆ ಕೈಯಿಟ್ಟ.

"ನೀನು ಚೆನ್ನಾಗಿರು. ನಂಗೆ ಷೆಡ್ಡಿಗೆ ಒತ್ತಾಯ್ತು" ಅಂದು ಇಳಿದ.

ರೈಲು ಹೊರಟಾಗ ಪ್ಲಾಟ್‌ಫಾರಮ್ಮಿನಲ್ಲಿ ಹುಡುಕಿದೆ. ಅವನು ಆಗಲೇ ಗೇಟು ದಾಟಿ ರಸ್ತೆಯ ಬದಿಯಲ್ಲಿ ಬಿರಬಿರನೆ ನಡೆದು ಹೋಗುತ್ತಿದ್ದ.