ಮೆದು ಗುಂಡಿನ ಪರೀಕ್ಷೆ

ಕಾವಲುಗಾರರ ತರಬೇತಿ ಶಾಲೆಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ನಾಣ್ಯದ ಮೇಷ್ಟ್ರು ಎಂದು. ಖಾಲಿ ರಿವಾಲ್ವರಿನ ನಳಿಗೆಯ ಮೇಲೊಂದು ನಾಣ್ಯ ಇಟ್ಟು, ಅದು ಬೀಳದಂತೆ ಟ್ರಿಗರ್ ಒತ್ತಿಸುವುದೇ ಅವರ ಮೊದಲ ಪಾಠ. ಹಿಂಬದಿಯ ಹ್ಯಾಮರನ್ನು, ಅಂದರೆ ಗುಂಡಿಗೆ ಬಡಿಯುವ ಕೊಕ್ಕೆಯನ್ನು, ಹೆಬ್ಬೆರಳಿನಿಂದ ಮೊದಲೇ ಎಳೆದಿಟ್ಟುಕೊಂಡರೆ ಟ್ರಿಗರ್ ಹಗುರ. ಎಳೆಯದೆ ಒತ್ತಿದರೆ ಭಾರ, ಉದ್ದ, ಕೈಯ ಬಂಡವಾಳವೆಲ್ಲ ಬಯಲು. ಆದರೆ ಕಾವಲಿಗೆ ನಿಂತವರಿಗೆ ಹ್ಯಾಮರ್ ಎಳೆಯುವಷ್ಟು ಪುರುಸೊತ್ತು ಯಾವ ಕಳ್ಳ ಕೊಡುತ್ತಾನೆ? "ಜಗ್ಗಬೇಡಿ, ಹಿಂಡಬೇಡಿ, ಒಂದೇ ಸಮ ಒತ್ತಿ. ಯಾವಾಗ ಹಾರಿತು ಅಂತ ನಿಮಗೇ ಗೊತ್ತಾಗಬಾರದು," ಎಂದು ಇಪ್ಪತ್ತಾರು ವರ್ಷ ಗಂಟಲು ಹರಿದುಕೊಂಡರು. ಶಿಫಾರಸು ಹಿಡಿದು ಬಂದವರನ್ನು ಮುಲಾಜಿಲ್ಲದೆ ವಾಪಸು ಅಟ್ಟಿದ ಮನುಷ್ಯ, ಅಕ್ಕನ ಮಗಳ ವಿಷಯದಲ್ಲಿ ಮಾತ್ರ ಕರಗಿಹೋದರು.

ಅವಳಿಗೆ ಬಟ್ಟೆ ಅಂಗಡಿಯ ಕೆಲಸ ಸಾಕಾಗಿತ್ತು. ಬ್ಯಾಂಕಿನ ವ್ಯಾನಿಗೆ ಕಾವಲು ಹೋಗುತ್ತೇನೆಂದು ಹಟ ಹಿಡಿದು ಶಾಲೆಗೆ ಸೇರಿದಳು. ನಾಣ್ಯದ ಪಾಠದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಮದ್ದು ಕಡಿಮೆ ತುಂಬಿದ ಅಭ್ಯಾಸದ ಗುಂಡು, ಮೇಷ್ಟ್ರ ಬಾಯಲ್ಲಿ ಮೆದು ಗುಂಡು, ಕೊಟ್ಟರೆ ಆರೂ ಅಂಗೈಯಗಲದಲ್ಲಿ ಕೂರುತ್ತಿದ್ದವು. ಕೆಲಸದಲ್ಲಿ ನಿಜಕ್ಕೂ ತುಂಬಬೇಕಾದ ಪೂರ್ತಿ ಮದ್ದಿನ ಗಟ್ಟಿ ಗುಂಡು ಬಂದರೆ ಮಾತ್ರ, ಅದರ ಒದೆತದ ಭಯಕ್ಕೆ ಅವಳ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಮೇಷ್ಟ್ರು ಗಟ್ಟಿ ಗುಂಡುಗಳ ನಡುವೆ ಗುಟ್ಟಾಗಿ ಒಂದು ಖಾಲಿ ತೋಟಾ ಸೇರಿಸಿ ನೋಡಿದರು. ಅದರ ಸರದಿ ಬಂದಾಗ ಸದ್ದೇ ಇಲ್ಲ, ಆದರೂ ನಳಿಗೆ ಗಕ್ಕನೆ ಕೆಳಕ್ಕೆ ಬಾಗಿತು.

"ಹಾರೋಕೆ ಮುಂಚೇನೇ ಹೆದರ್ತಿದೀಯಲ್ಲೇ!"

"ಗೊತ್ತು ಮಾವ. ಇನ್ನೊಂದು ತಿಂಗಳು ಸಿಕ್ಕಿದ್ರೆ ಸರಿ ಮಾಡ್ಕೋತೀನಿ."

ತಿಂಗಳು ಎಲ್ಲಿಂದ ತರುವುದು? ಪರೀಕ್ಷೆಗೆ ನಾಲ್ಕೇ ದಿನವಿತ್ತು. ಪರೀಕ್ಷೆಗೆ ಗಟ್ಟಿ ಗುಂಡೇ ಆಗಬೇಕೆಂಬ ನಿಯಮವನ್ನು ಜಗಳ ಕಾದು ತಂದವರು ಈ ಮೇಷ್ಟ್ರೇ. ಮೇಲಿನಿಂದ ನೋಡಿದರೆ ಎರಡು ಬಗೆಗೂ ವ್ಯತ್ಯಾಸ ಕಾಣದು. ಪರೀಕ್ಷೆಯ ಬೆಳಿಗ್ಗೆ ಅವಳ ಡಬ್ಬಿಗೆ ಮೆದು ಗುಂಡು ತುಂಬಿದರು. ಮೊದಲು ಪಾಸಾಗಲಿ, ಭಾನುವಾರಗಳಲ್ಲಿ ತಿದ್ದಿದರಾಯಿತು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಐವತ್ತಕ್ಕೆ ನಲವತ್ತೇಳು!

"ಮಾವ, ಇವತ್ತು ಭಯಾನೇ ಆಗ್ಲಿಲ್ಲ, ಗುಂಡು ಒದ್ದದ್ದೂ ಗೊತ್ತಾಗ್ಲಿಲ್ಲ!" ಎಂದು ಓಡಿ ಬಂದಳು.

ಭಾನುವಾರಗಳೂ ಬಂದವು. ಒಂದಕ್ಕೆ ಅವಳ ಪಾಳಿ, ಇನ್ನೊಂದಕ್ಕೆ ಇವರ ಮಂಡಿನೋವು. ತಿದ್ದುವುದು ಹಾಗೇ ಉಳಿಯಿತು.

ಅವಳು ಕೆಲಸಕ್ಕೆ ಸೇರಿದ ಎಂಟನೇ ತಿಂಗಳು, ನಡುಹಗಲು, ಬ್ಯಾಂಕಿನ ಹಿಂಬಾಗಿಲಲ್ಲಿ ಇಬ್ಬರು ಕಬ್ಬಿಣದ ಸರಳು ಹಿಡಿದು ವ್ಯಾನಿನ ಡ್ರೈವರ್ ಮೇಲೆ ಬಿದ್ದರು. ಅವಳು ಒಂದೇ ಗುಂಡು ಹಾರಿಸಿದಳು. ನಳಿಗೆ ಬಾಗಿತು, ಗುಂಡು ಡ್ರೈವರನ ಮೊಣಕಾಲಿಗೆ ಹೊಕ್ಕಿತು. ಬಂದವರು ಓಡಿಹೋದರು. ಡ್ರೈವರ್ ಬದುಕಿದ, ಕಾಲು ಮಾತ್ರ ಮತ್ತೆ ಮಡಚಲಿಲ್ಲ.

ವಿಚಾರಣೆಯಲ್ಲಿ ಅಧಿಕಾರಿ ಅವಳ ಪರೀಕ್ಷೆಯ ಅಂಕವನ್ನೇ ಎತ್ತಿ ಹಿಡಿದರು. ಇಷ್ಟು ಚೆನ್ನಾಗಿ ಹೊಡೆಯುವವಳು ತಪ್ಪಿದಳೆಂದರೆ ಅದು ಬರೀ ಅಜಾಗರೂಕತೆ ಎಂದು ಬರೆದು ಕೆಲಸದಿಂದ ತೆಗೆದರು. ತರಬೇತಿ ಕೊಟ್ಟವರೆಂದು ಕರೆಸಿದ್ದರಿಂದ ಮೇಷ್ಟ್ರು ಅದೇ ಕೋಣೆಯಲ್ಲಿ ಕೂತಿದ್ದರು. ನಿವೃತ್ತಿಗೆ ಎರಡು ತಿಂಗಳಿತ್ತು. ಬಾಯಿಗೆ ಬೀಗ ಹಾಕಿಕೊಂಡು ಎದ್ದು ಬಂದರು. ಹೇಡಿತನಕ್ಕೆ ಬೇರೆ ಹೆಸರಿಲ್ಲ, ಅವರೂ ಹುಡುಕಲಿಲ್ಲ.

ಎರಡು ವರ್ಷ ಊಟ ರುಚಿಸಲಿಲ್ಲ. ಕೊನೆಗೊಂದು ಮಧ್ಯಾಹ್ನ, ಅವಳು ಮತ್ತೆ ಸೇರಿಕೊಂಡಿದ್ದ ಬಟ್ಟೆ ಅಂಗಡಿಗೇ ಹೋದರು.

"ತಪ್ಪು ನಿಂದಲ್ಲಮ್ಮ, ನಂದು," ಎಂದು ಶುರುಮಾಡಿ, ಡಬ್ಬಿ ಬದಲಾಯಿಸಿದ್ದನ್ನು ಒಂದೂ ಬಿಡದೆ ಹೇಳಿದರು. ಅವಳು ಬೈಯುತ್ತಾಳೆ, ಅಳುತ್ತಾಳೆ, ಆಮೇಲೆ ಹಗುರಾಗುತ್ತಾಳೆ ಎಂದು ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದರು.

ಅವಳು ಮಡಚುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು.

"ಹಾಗಾದ್ರೆ ಆವತ್ತಿನ ನಲವತ್ತೇಳೂ ನಂದಲ್ವಾ, ಮಾವ?"

ಕೆಲಸ ಹೋಯಿತು, ಹೆಸರು ಹೋಯಿತು. ಇಷ್ಟು ದಿನ ಅವಳು ಅದೊಂದನ್ನೇ ಹಿಡಿದುಕೊಂಡು ಬದುಕಿದ್ದಳೆಂದು ಮೇಷ್ಟ್ರಿಗೆ ಗೊತ್ತಾದದ್ದು ಆಗ, ಅದನ್ನೂ ಕಿತ್ತುಕೊಂಡ ಮೇಲೆ.